ಯಾವ ಮಗ್ಗುಲಲ್ಲಿ ಎದ್ದಿರಿ? ಕೆನ್ನೆ ಹೇಳುತ್ತದೆ

ಚಿಕ್ಕವರಿದ್ದಾಗ ಕೆನ್ನೆ ಮೇಲೆ ಚಾಪೆಯ ಅಚ್ಚು ಬಿದ್ದರೆ ಮನೆಮಂದಿಯೆಲ್ಲ ತೋರಿಸಿ ನಗುತ್ತಿದ್ದರು. ಮುಖ ತೊಳೆದು ಬರುವಷ್ಟರಲ್ಲಿ ಅದು ಮಾಯ. ಈಗ ವಯಸ್ಸು 45 ದಾಟಿದೆ. ದಿಂಬಿನ ಗೆರೆ ಆಫೀಸಿನ ಬಸ್ ಹತ್ತುವವರೆಗೂ ಬಲಗೆನ್ನೆಯ ಮೇಲೆ ಹಾಗೇ ಇರುತ್ತದೆ. 'ಇವತ್ತು ಬಲಮಗ್ಗುಲಲ್ಲೇ ಎದ್ದಿದ್ದೀರಿ, ಒಳ್ಳೇದಾಯ್ತು ಬಿಡಿ' ಎಂದು ಪಕ್ಕದ ಸೀಟಿನವರು ತಮಾಷೆ ಮಾಡಿದ ದಿನವೇ ನಾನು ಇದರ ಹಿಂದೆ ಬಿದ್ದದ್ದು.

ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಏನಾಗುತ್ತದೆ? ಮಡಿಕೆಯ ಜಾಗದಲ್ಲೇ ಸೀಳು ಬಿಡುತ್ತದೆ. ಅದಕ್ಕೇ ಅಮ್ಮ ಆಗಾಗ ಸೀರೆ ಬಿಡಿಸಿ, ಮಡಿಕೆ ಬದಲಿಸಿ ಇಡುತ್ತಿದ್ದರು. ಮುಖದ ಕತೆಯೂ ಹೆಚ್ಚುಕಡಿಮೆ ಇದೇ. ಮಗ್ಗುಲಾಗಿ ಮಲಗಿದರೆ ನಾಲ್ಕೈದು ಕಿಲೋ ತೂಗುವ ತಲೆ ದಿಂಬನ್ನು ಒತ್ತುತ್ತದೆ, ನಡುವೆ ಸಿಕ್ಕಿದ ಕೆನ್ನೆಯ ಚರ್ಮ ಮಡಿಚಿಕೊಳ್ಳುತ್ತದೆ. ಹೊರಳಿದಾಗ ದಿಂಬು ಅದನ್ನೇ ಎಳೆಯುತ್ತದೆ. ಎಳೆಯ ಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳು ಗಟ್ಟಿಯಾಗಿರುವುದರಿಂದ ಮಡಿಕೆ ಬೇಗ ಬಿಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಅವು ತೆಳುವಾಗುತ್ತವೆ. ಮಡಿಕೆ ಅಲ್ಲೇ ಕೂರಲು ಶುರುವಾಗುತ್ತದೆ.

ಮೊದಲು ಗೆರೆ ಯಾವುದೆಂದು ನೋಡಿ

ಕನ್ನಡಿ ಮುಂದೆ ಕೂತು ಹುಬ್ಬು ಮೇಲೆತ್ತಿ, ಜೋರಾಗಿ ನಗಿ. ಹಣೆಯ ಅಡ್ಡಗೆರೆ, ಕಣ್ಣಿನ ಅಂಚಿನಲ್ಲಿ ಬಿಚ್ಚಿಕೊಳ್ಳುವ ಗೆರೆ, ಇವು ನಗು ಮತ್ತು ಸಿಟ್ಟಿನ ಗೆರೆಗಳು. ಮುಖದ ಸ್ನಾಯುಗಳು ಎಳೆದು ಎಳೆದು ಆದದ್ದು. ಈಗ ಮುಖ ಸಡಿಲ ಬಿಟ್ಟು, ದಿಂಬು ಒತ್ತುವ ಹಾಗೆ ಅಂಗೈಯಿಂದ ಕೆನ್ನೆಯನ್ನು ಮೂಗಿನ ಕಡೆಗೆ ತಳ್ಳಿ. ಹಣೆಯ ಪಕ್ಕದಲ್ಲಿ ಉದ್ದುದ್ದ, ಕೆನ್ನೆಯಲ್ಲಿ ಓರೆಯಾಗಿ ಮೂಡುವ ಗೆರೆಗಳು ದಿಂಬಿನವು.

ಈ ವ್ಯತ್ಯಾಸ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಬೊಟಾಕ್ಸ್ ಚುಚ್ಚುಮದ್ದು ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೇ. ದಿಂಬಿನ ಗೆರೆಗೆ ಸ್ನಾಯು ಕಾರಣವೇ ಅಲ್ಲವಲ್ಲ, ಅಲ್ಲಿ ಅದರ ಆಟ ನಡೆಯದು.

ಅಂಗಾತ ಮಲಗುವ ಅಭ್ಯಾಸ

ಮುಖಕ್ಕೆ ಏನೂ ತಾಗದ ಭಂಗಿ ಇದೊಂದೇ. ಹೇಳುವುದು ಸುಲಭ. ನಾನು ಮೊದಲ ರಾತ್ರಿ ಯೋಗ ತರಗತಿಯ ಶವಾಸನದ ಹಾಗೆ ಬಿದ್ದುಕೊಂಡು ಒಂದು ಗಂಟೆವರೆಗೆ ಫ್ಯಾನ್ ಎಣಿಸಿದೆ. ಆಮೇಲೆ ಮಂಡಿ ಕೆಳಗೆ ಒಂದು ದಿಂಬು ಇಟ್ಟೆ. ಸೊಂಟದ ಎಳೆತ ತಕ್ಷಣ ಕಡಿಮೆಯಾಯಿತು. ತಲೆಗೆ ತೆಳು ದಿಂಬು ಸಾಕು, ದಪ್ಪದ್ದಾದರೆ ಗದ್ದ ಎದೆಗೆ ಬಂದು ಕತ್ತು ನೋಯುತ್ತದೆ. ಎರಡೂ ಪಕ್ಕಕ್ಕೆ ಹಳೇ ರಗ್ಗು ಸುತ್ತಿ ಕಟ್ಟೆ ಕಟ್ಟಿದರೆ ಹೊರಳುವುದು ತಪ್ಪುತ್ತದೆ. ಪೂರ್ತಿ ತಪ್ಪುವುದಿಲ್ಲ, ನಿದ್ದೆಯಲ್ಲಿ ಯಾರ ಮಾತು ಯಾರು ಕೇಳ್ತಾರೆ? ನಿದ್ದೆ ಹತ್ತುವವರೆಗಾದರೂ ಅಂಗಾತ ಇದ್ದರೆ ಅಷ್ಟು ಹೊತ್ತು ಲಾಭ.

ಆದರೆ ಎಲ್ಲರಿಗೂ ಇದು ಸರಿಯಲ್ಲ. ಜೋರು ಗೊರಕೆ ಇರುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಅಂಗಾತ ಮಲಗಿದರೆ ತೊಂದರೆ ಜಾಸ್ತಿಯಾಗುತ್ತದೆ. ಗರ್ಭಿಣಿಯರು ಕೊನೆಯ ಮೂರು ತಿಂಗಳು ಮಗ್ಗುಲಾಗಿಯೇ ಮಲಗಬೇಕು. ಎದೆಯುರಿ, ಹುಳಿತೇಗು ಇರುವವರಿಗೆ ಎಡಮಗ್ಗುಲು ವಾಸಿ. ಇವರೆಲ್ಲ ಸುಕ್ಕಿನ ಚಿಂತೆ ಬಿಟ್ಟುಬಿಡಿ.

ಮಗ್ಗುಲು ಬಿಡಲು ಆಗದಿದ್ದರೆ

ಭುಜದ ಎತ್ತರಕ್ಕೆ ಸರಿಹೊಂದುವ ದಿಂಬು ತೆಗೆದುಕೊಳ್ಳಿ. ಕಿವಿ ಮತ್ತು ತಲೆಯ ಪಕ್ಕ ದಿಂಬಿನ ಮೇಲಿರಲಿ, ಕೆನ್ನೆ ಆದಷ್ಟೂ ಅಂಚಿನಿಂದ ಹೊರಗಿರಲಿ. ಕೆನ್ನೆ ಕೆಳಗೆ ಕೈ ಇಡಬೇಡಿ. ಸೀರೆ ಮಡಿಕೆಯ ಹಾಗೆ ಮಗ್ಗುಲನ್ನೂ ಬದಲಿಸುತ್ತಿರಿ. ಬೋರಲು ಮಲಗುವುದು ಮಾತ್ರ ಮುಖಕ್ಕೂ ಕತ್ತಿಗೂ ಕೆಟ್ಟದ್ದು.

ರೇಷ್ಮೆಯ ದಿಂಬಿನ ಕವರಿನ ಜಾಹೀರಾತು ನೋಡಿರುತ್ತೀರಿ. ನುಣುಪು ಬಟ್ಟೆ ಚರ್ಮವನ್ನು ಕಡಿಮೆ ಎಳೆಯುತ್ತದೆ, ನಿಜ. ಒತ್ತುವುದು ಮಾತ್ರ ಅಷ್ಟೇ ಒತ್ತುತ್ತದೆ. ಸಾವಿರಾರು ರೂಪಾಯಿ ಕೊಡುವ ಬದಲು ಹಳೇ ರೇಷ್ಮೆ ಸೀರೆಯ ಜರಿಯಿಲ್ಲದ ಭಾಗದಲ್ಲಿ ಹೊಲಿಸಿಕೊಳ್ಳಿ. ನಾನು ಹಾಗೇ ಮಾಡಿದೆ. ರಾತ್ರಿ ಕ್ರೀಮ್ ಹಚ್ಚುವವರು ಮಲಗುವುದಕ್ಕೆ ಅರ್ಧ ಗಂಟೆ ಮೊದಲೇ ಹಚ್ಚಿ. ಇಲ್ಲದಿದ್ದರೆ ಅದನ್ನು ಕುಡಿಯುವುದು ದಿಂಬು.

ದಿಂಬಿನ ಮೇಲೆ ಗೂಬೆ ಕೂರಿಸುವ ಮುನ್ನ

ಮಲಗುವ ಕಡೆಯೇ ಸುಕ್ಕು ಜಾಸ್ತಿ ಎಂದು ಎಲ್ಲ ಅಧ್ಯಯನಗಳೂ ಒಪ್ಪುವುದಿಲ್ಲ. ಬಿಸಿಲಿನ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಒಬ್ಬ ಅಮೆರಿಕನ್ ಚಾಲಕನ ಫೋಟೊ ಪ್ರಕಟಿಸಿತು. ವಯಸ್ಸು 69, ಟ್ರಕ್ ಓಡಿಸಿದ್ದು 28 ವರ್ಷ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಉತ್ತ ಹೊಲದ ಹಾಗಿತ್ತು, ಬಲಗೆನ್ನೆ ಎಷ್ಟೋ ವರ್ಷ ಚಿಕ್ಕದು. ನೇರಳಾತೀತ ಎ ಕಿರಣಗಳು ಕಿಟಕಿಯ ಗಾಜನ್ನು ದಾಟಿ ಬರುತ್ತವೆ. ನಮ್ಮಲ್ಲಾದರೆ ಚಾಲಕರ ಬಲಗೆನ್ನೆಗೆ ಪೆಟ್ಟು.

ಇದನ್ನು ಓದಿದ ಮೇಲೆ ನನಗೆ ನನ್ನ ಬಸ್ ಸೀಟು ನೆನಪಾಯಿತು. ಬೆಳಗ್ಗೆ ಉತ್ತರಕ್ಕೆ ಹೋಗುತ್ತೇನೆ, ಸಂಜೆ ದಕ್ಷಿಣಕ್ಕೆ ಬರುತ್ತೇನೆ. ಎರಡು ಹೊತ್ತೂ ಬಲಗಡೆಯ ಕಿಟಕಿ ಸೀಟು ಹಿಡಿಯುವವಳು. ಅಂದರೆ ಎರಡು ಹೊತ್ತೂ ಬಿಸಿಲು ಬಲಗೆನ್ನೆಗೇ. ಈಗಲೂ ವಾರದಲ್ಲಿ ಮೂರು ದಿನ ಬಲಮಗ್ಗುಲಲ್ಲೇ ಏಳುತ್ತೇನೆ. ಆದರೆ ಸನ್‌ಸ್ಕ್ರೀನ್ ಹಚ್ಚದೆ ಹೊರಡುವುದಿಲ್ಲ, ಬಸ್ಸಿನಲ್ಲಿ ಎಡಗಡೆಗೆ ಹೋಗಿ ಕೂರುತ್ತೇನೆ.