ಹೆಬ್ಬೆಟ್ಟು ಒತ್ತುವ ಮೊದಲು ನಾಟಕ ನಿಲ್ಲಿಸಿ

ಸಾಕ್ಷರತಾ ಆಂದೋಲನದ ಕಲಾಜಾಥಾದಲ್ಲಿ, ಅಂದರೆ ಊರೂರು ಸುತ್ತುವ ಹಾಡು-ನಾಟಕದ ತಂಡದಲ್ಲಿ, ತಮಟೆ ಹಿಡಿದು ನಾನು ಬೀದಿನಾಟಕಕ್ಕೆ ಬಂದೆ. ಆಗ ನಮ್ಮ ನಾಟಕಗಳೆಲ್ಲ ಒಂದೇ ಥರ ಮುಗಿಯುತ್ತಿದ್ದವು. ಕೆಟ್ಟವನಿಗೆ ಬುದ್ಧಿ ಬರುತ್ತಿತ್ತು. ನಾವು ಸಾಲಾಗಿ ನಿಂತು ಹಾಡುತ್ತಿದ್ದೆವು. ಜನ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಿದ್ದರು.

ಎಷ್ಟೋ ವರ್ಷ ಆದಮೇಲೆ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೂ ಹಾಗೇ ಒಂದು ನಾಟಕ ಕಟ್ಟಿದೆವು. ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ ಹೆಂಗಸು ಮುಂದಿನ ವಾರವೇ ತಾಲ್ಲೂಕಿಗೆ ಹೋಗಿ, ತವರಿನ ಆಸ್ತಿಯಲ್ಲಿ ನನಗೆ ಪಾಲು ಬೇಡ ಅನ್ನುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದರು. ಯಾಕಮ್ಮಾ ಅಂತ ಕೇಳಿದ್ದಕ್ಕೆ, "ನಾಟಕದಾಗೆ ಅಣ್ಣ ಒಪ್ಕಂಡ. ನಮ್ಮಣ್ಣ ಒಪ್ಪಲಿಲ್ವಲ್ಲಕ್ಕಾ" ಅಂದರು.

ಆಮೇಲೆ ನಾವು ನಾಟಕ ಮುಗಿಸುವುದನ್ನೇ ಬಿಟ್ಟೆವು. ನೀವೂ ದೊಡ್ಡವರಿಗೆ ಹಕ್ಕುಗಳ ಬಗ್ಗೆ ನಾಟಕ ಮಾಡಬೇಕು ಅಂತಿದ್ದರೆ, ಮುಗಿಸದ ನಾಟಕ ಹೇಗೆ ಕಟ್ಟುವುದು ಅಂತ ಹೇಳುತ್ತೇನೆ.

ಮೊದಲು ಕಥೆ ಬೇಕು. ಅದನ್ನು ಕಾನೂನು ಪುಸ್ತಕದಲ್ಲಿ ಹುಡುಕಬೇಡಿ. ಎರಡು ಸಂಜೆ ಯಾವುದಾದರೂ ಮನೆಯ ಜಗಲಿ ಮೇಲೆ ಸುಮ್ನೆ ಕೂತುಕೊಳ್ಳಿ. "ಮದುವೆಗೆ ಖರ್ಚು ಮಾಡಿದ್ದೀವಲ್ಲ, ಇನ್ಯಾವ ಪಾಲು?", "ಪಾಲು ತಗೊಂಡ್ರೆ ತವರಿನ ಬಾಗಿಲು ಮುಚ್ಚಿತು" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಅವೇ ನಿಮ್ಮ ಸಂಭಾಷಣೆ, ಬದಲಾಯಿಸಬೇಡಿ. ಆದರೆ ಒಂದು ಊರಿನ ಕಥೆಯನ್ನು ಅದೇ ಊರಿನಲ್ಲಿ ಯಾವತ್ತೂ ಆಡಬೇಡಿ. ಹೆಸರು ಬದಲಾಯಿಸಿದರೆ ಸಾಲದು. ಎಮ್ಮೆಯ ಬಣ್ಣ ಹೇಳಿದರೂ ಜನ ಮನೆ ಗುರುತು ಹಿಡಿಯುತ್ತಾರೆ.

ನಮ್ಮ ನಾಟಕ ಹದಿನೈದು ನಿಮಿಷದ್ದು. ತಂಗಿ, ಅಣ್ಣ, ತಾಯಿ, ಪತ್ರ ಬರೆಯುವವನು, ಇಷ್ಟೇ ಪಾತ್ರ. ಒಂದು ಮಡಿಲಕ್ಕಿ ತಟ್ಟೆ, ಒಂದು ಇಂಕ್ ಪ್ಯಾಡು, ನಾಲ್ಕು ಹಾಳೆ ಇದ್ದರೆ ಸಾಮಾನು ಮುಗಿಯಿತು. ಅಣ್ಣನನ್ನು ಖಳನಾಯಕ ಮಾಡಬೇಡಿ, ದಯವಿಟ್ಟು. ಮೀಸೆ ತಿರುವುವ ಅಣ್ಣನನ್ನು ನೋಡಿ ಜನ ನಗುತ್ತಾರೆ, ನಮ್ಮ ಮನೆಯಲ್ಲಿ ಇಂಥವನಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಅಣ್ಣ ತಂಗಿಗೆ ಹೊಸ ಸೀರೆ ತರುತ್ತಾನೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸುತ್ತಾನೆ, ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತಾನೆ. ಅವನಿಗೂ ಸಾಲ ಇದೆ. ತಾಯಿ ಮಡಿಲು ತುಂಬುತ್ತಾಳೆ. ಪತ್ರ ಬರೆಯುವವನು ಹಕ್ಕು ಬಿಡುಗಡೆ ಪತ್ರದ ಹಾಳೆ ಮುಂದಿಡುತ್ತಾನೆ. ತಂಗಿ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡು ಹಾಳೆಯ ಮೇಲೆ ತರುತ್ತಾಳೆ.

ಅಲ್ಲಿ ತಮಟೆ ಒಂದೇ ಏಟು. ಎಲ್ಲರೂ ಹಾಗೇ ನಿಲ್ಲಬೇಕು.

ಇದನ್ನು ನಾವು ಕಂಡುಹಿಡಿದಿದ್ದಲ್ಲ. ಬ್ರೆಜಿಲ್‌ನ ಅಗಸ್ಟೋ ಬೋಲ್ 1970ರ ದಶಕದಲ್ಲಿ ಶುರು ಮಾಡಿದ್ದು, ಫೋರಂ ಥಿಯೇಟರ್ ಅಂತ ಹೆಸರು. ಪೆರುವಿನಲ್ಲಿ ಪ್ರೇಕ್ಷಕಿಯೊಬ್ಬರಿಗೆ ತಾನು ಹೇಳಿದ್ದನ್ನು ನಟರು ಸರಿಯಾಗಿ ಆಡುತ್ತಿಲ್ಲ ಅಂತ ಸಿಟ್ಟು ಬಂದು, ತಾವೇ ರಂಗಕ್ಕೆ ಹತ್ತಿಬಿಟ್ಟರಂತೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡ 1985ರಿಂದ ಕೆಲಸ ಮಾಡುತ್ತಿದೆ, ಅವರೂ ಈ ದಾರಿ ಹಿಡಿದವರೇ. ನಮ್ಮಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿನಾಟಕವನ್ನು ಊರೂರಿಗೆ ಒಯ್ದಿದ್ದರಿಂದ, ಚೌಕದಲ್ಲಿ ನಾಟಕ ಅಂದರೆ ಜನಕ್ಕೆ ಹೊಸದೇನಲ್ಲ. ನಡುವೆ ನಿಲ್ಲಿಸುವುದು ಮಾತ್ರ ಹೊಸದು.

ನಿಲ್ಲಿಸಿದ ಮೇಲೆ ಸೂತ್ರಧಾರ ಮುಂದೆ ಬಂದು ಕೇಳುತ್ತಾನೆ: "ಈಕೆ ಜಾಗದಲ್ಲಿ ನೀವಿದ್ದಿದ್ದರೆ?" ಯಾರಾದರೂ ಉತ್ತರ ಹೇಳಿದರೆ, "ಹೇಳಬೇಡಿ, ಬಂದು ಮಾಡಿ ತೋರಿಸಿ" ಅನ್ನಬೇಕು. ತಂಗಿಯ ಪಾತ್ರವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅಣ್ಣನ ಪಾತ್ರ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಅಣ್ಣ ಒಳ್ಳೆಯವನಾಗಿಬಿಟ್ಟರೆ ಮತ್ತೆ ಹಳೇ ಚಪ್ಪಾಳೆಯೇ. ಅಣ್ಣನಾಗಿ ಆಡುವ ನಟ ಸುಲಭಕ್ಕೆ ಸೋಲಬಾರದು. ಅಳಬೇಕು, ಸಾಲ ಎತ್ತಬೇಕು, ಸತ್ತ ಅಪ್ಪನ ಹೆಸರು ತೆಗೆಯಬೇಕು. ತಂಡದ ಅತ್ಯಂತ ಚುರುಕಾದವರಿಗೆ ಈ ಪಾತ್ರ ಕೊಡಿ.

ಮೊದಲ ಐದು ನಿಮಿಷ ಯಾರೂ ಏಳುವುದಿಲ್ಲ. ಕಾಯಿರಿ. ಒಮ್ಮೆ ಒಂದು ಊರಿನಲ್ಲಿ ಅರವತ್ತು ದಾಟಿದ ಅಮ್ಮ ಒಬ್ಬರು ಸೆರಗು ಸಿಕ್ಕಿಸಿಕೊಂಡು ಬಂದರು. ಕೂಗಾಡಲಿಲ್ಲ, ಕಾನೂನು ಎತ್ತಲಿಲ್ಲ. ಮಡಿಲಕ್ಕಿ ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದು ಅಣ್ಣನ ಅಂಗೈಗೆ ಸುರಿದರು. "ಅಣ್ಣಾ, ಈ ಅಕ್ಕಿ ಯಾವ ಗದ್ದೇದು?" ಅಂದರು. ನಮ್ಮ ನಟ ಹತ್ತು ವರ್ಷ ಅನುಭವ ಇರುವವನು. ಬಾಯಿಗೆ ಬಂದ ಮಾತು ನುಂಗಿಕೊಂಡು ಅಕ್ಕಿ ನೋಡುತ್ತಾ ನಿಂತುಬಿಟ್ಟ. ಕೂತಿದ್ದ ಗಂಡಸರೂ ಗಪ್‌ಚಿಪ್.

ಕಾನೂನಿನ ಮಾತು ಇದಾದ ಮೇಲೆ, ಹತ್ತು ನಿಮಿಷ ಮಾತ್ರ. ಆದರೆ ಸರಿಯಾಗಿ ಹೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮಬದ್ಧವಾಗಿ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲ. ಸ್ವಯಾರ್ಜಿತ ಆಸ್ತಿಯನ್ನು ಅಪ್ಪ ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನು. ಎಲ್ಲರಿಗೂ ಸಮಪಾಲು ಅಂತ ಒಂದೇ ಉಸಿರಿಗೆ ಕೂಗಿ ಬಂದರೆ, ಮರುದಿನ ಆ ಹೆಂಗಸು ಮನೆಯಲ್ಲಿ ಸುಳ್ಳುಗಾತಿ ಆಗುತ್ತಾಳೆ.

ಪ್ರಶ್ನೆ ಜಾಸ್ತಿ ಬಂದರೆ ನೀವೇ ವಕೀಲರಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ ಪ್ರತಿ ತಾಲ್ಲೂಕಿನಲ್ಲೂ ಸಮಿತಿ ಇದೆ. ಸಹಾಯವಾಣಿ 15100. ಈ ನಂಬರನ್ನು ನಾವು ಅಣ್ಣ ತಂದ ಸೀರೆಯ ಅಂಚಿನ ಮೇಲೆ ದಪ್ಪಗೆ ಬರೆದಿದ್ದೇವೆ. ಚೀಟಿ ಹಂಚಿದರೆ ಒಲೆಗೆ ಹೋಗುತ್ತದೆ, ಸೀರೆ ಮೇಲಿನದು ನೆನಪಿರುತ್ತದೆ.

ಸಿನಿಮಾ ಬೇರೆ ಕೆಲಸಕ್ಕೆ ಬರುತ್ತದೆ. ಜಾತಿ ವಿಷಯ ಎತ್ತಿದರೆ ಊರು ತಕ್ಷಣ ಎರಡಾಗುತ್ತದೆ. ಯಾರನ್ನಾದರೂ ಎಬ್ಬಿಸಿ ಆಡಿಸುವುದು ಅಪಾಯ. ಪರದೆ ಆಗ ಒಂದು ಅಂತರ ಕೊಡುತ್ತದೆ. ನಾವು ಬಿ.ವಿ. ಕಾರಂತರ 1975ರ 'ಚೋಮನ ದುಡಿ'ಯ ಇಪ್ಪತ್ತು ನಿಮಿಷ ಮಾತ್ರ ತೋರಿಸುತ್ತೇವೆ: ಉಳಲು ಒಂದು ತುಂಡು ಭೂಮಿ ಬೇಕು ಅನ್ನುವ ಆಸೆ, ಸಾಲ ತೀರಿಸಲು ತೋಟಕ್ಕೆ ಹೋಗುವ ಮಕ್ಕಳು. ಪೂರ್ತಿ ಹಾಕಿದರೆ ದೊಡ್ಡವರು ಅತ್ತು ಎದ್ದು ಹೋಗುತ್ತಾರೆ, ಮಾತಿಗೆ ಕೂರುವುದಿಲ್ಲ. ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಈಗ ನಮ್ಮ ಕಡೆ ಸಾಲಕ್ಕೆ ಯಾರು ಯಾರ ಮನೆಯಲ್ಲಿ ದುಡಿಯುತ್ತಿದ್ದಾರೆ?" ಹೆಸರು ಹೇಳಬೇಡಿ ಅಂತ ಮೊದಲೇ ಎಚ್ಚರಿಸಿ. ಜೀತ ಪದ್ಧತಿ ರದ್ದಿಯಾತಿ ಕಾಯ್ದೆ 1976ರದು ಅಂದಾಗ, ಸಿನಿಮಾ ಬಂದ ಮರುವರ್ಷವೇ ಅಲ್ವಾ ಅಂತ ಯಾರಾದರೂ ಲೆಕ್ಕ ಹಾಕುತ್ತಾರೆ. ಅಲ್ಲಿಂದ ಮಾತು ತಾನಾಗಿ ಹೊರಡುತ್ತದೆ. ಸಾರ್ವಜನಿಕವಾಗಿ ತೋರಿಸುವ ಮೊದಲು ಚಿತ್ರದ ಹಕ್ಕುದಾರರ ಅನುಮತಿ ತೆಗೆದುಕೊಳ್ಳಿ. ಹಕ್ಕಿನ ಪಾಠಕ್ಕೆ ಕದ್ದ ಸಿನಿಮಾ ಚೆನ್ನಾಗಿರುವುದಿಲ್ಲ.

ಸಣ್ಣ ವಿಷಯಗಳೂ ಮುಖ್ಯ. ಸುಗ್ಗಿಯಲ್ಲಿ ಹೋಗಬೇಡಿ. ಧಾರಾವಾಹಿ ಹೊತ್ತಿಗೂ ಹೋಗಬೇಡಿ, ನೀವು ಸೋಲುತ್ತೀರಿ. ಗುಂಡಾಗಿ ಕೂರಿಸಿ. ಇಲ್ಲದಿದ್ದರೆ ಗಂಡಸರು ಮುಂದೆ, ಹೆಂಗಸರು ಕತ್ತಲಲ್ಲಿ. ರಂಗಕ್ಕೆ ಬಂದು ಜೋರಾಗಿ ಮಾತಾಡಿದ ಹೆಂಗಸಿಗೆ ಆ ರಾತ್ರಿ ಮನೆಯಲ್ಲಿ ಏನು ಕಾದಿದೆಯೋ ಗೊತ್ತಿಲ್ಲ. ಊರಿನ ಸ್ತ್ರೀಶಕ್ತಿ ಸಂಘದ ಇಬ್ಬರಿಗೆ ಮರುದಿನ ಅವರ ಮನೆ ಕಡೆ ಹೋಗಿ ಬರಲು ಹೇಳಿ. ಮಹಿಳಾ ಸಹಾಯವಾಣಿ 181 ನಂಬರೂ ಕೊಟ್ಟಿರಿ.

ಒಂದು ತಿಂಗಳ ಮೇಲೆ ಮತ್ತೆ ಹೋಗಲೇಬೇಕು, ತಮಟೆ ಇಲ್ಲದೆ. ನಾವು ಎರಡನೇ ಸಲ ಹೋದಾಗ ರಂಗೋಲಿ ಪುಡಿ ಕೊಟ್ಟು, ನಿಮ್ಮ ನಿಮ್ಮ ವಂಶವೃಕ್ಷ ಅಂಗಳದಲ್ಲಿ ಬರೆಯಿರಿ ಅನ್ನುತ್ತೇವೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಮೊದಲು ಕೇಳುವುದೇ ಅದನ್ನು. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದೂ ಅಲ್ಲೇ. ಅಕ್ಕಿ ಸುರಿದ ಊರಿನಲ್ಲಿ ಹತ್ತು ಜನ ಬರೆದರು. ಅಜ್ಜ, ಅಪ್ಪ, ಅಣ್ಣ, ತಮ್ಮ, ಎಲ್ಲ ಗೆರೆಯೂ ಬಂತು. ಏಳು ವಂಶವೃಕ್ಷದಲ್ಲಿ ಬರೆದವರ ಹೆಸರೇ ಇರಲಿಲ್ಲ. ಆ ಅಮ್ಮ ತಮ್ಮದನ್ನು ನೋಡಿ ನಕ್ಕರು. "ಅಯ್ಯೋ, ನಾನೇ ಬಿಟ್ಟಿದೀನಲ್ಲೇ" ಅಂತ ಮತ್ತೆ ಕುಕ್ಕರಗಾಲಲ್ಲಿ ಕೂತು, ಅಣ್ಣನ ಪಕ್ಕ ಒಂದು ಗೆರೆ ಎಳೆದರು.