ಆಪ್ಷನ್ ಎಂಟ್ರಿಗೆ ಮೊದಲು ನಾನು ನೋಡಿದ್ದು

ಸಿಇಟಿ ರ‍್ಯಾಂಕ್ ಬಂದ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು: ಎಂಜಿನಿಯರಿಂಗಿಗೆ ಬೆಂಗಳೂರೋ, ಕಲಬುರಗಿಯೋ? ನಾವು ಶಹಾಬಾದಿನವರು. "ಬೆಂಗಳೂರಿಗೇ ಹೋಗು, ಕಂಪನಿ ಎಲ್ಲಾ ಅಲ್ಲೇ ಅದಾವ" ಅಂತ ಕಾಕಾ. ಅಪ್ಪ ಹಾಸ್ಟೆಲ್ ಖರ್ಚು ಕೇಳಿ ಸುಮ್ಮನಾದರು. ನನಗೆ ಊರಿಗಿಂತ ವಿಭಾಗ ಮುಖ್ಯ ಅನಿಸಿತ್ತು. ಎಲೆಕ್ಟ್ರಾನಿಕ್ಸ್ ಓದಬೇಕು ಅನ್ನೋದು ಮೊದಲೇ ಗಟ್ಟಿಯಾಗಿತ್ತು. ಉಳಿದದ್ದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಹಾಕುವುದು.

ಕಾಗದಪತ್ರ ಮೊದಲೇ ಮುಗಿಸಿದ್ದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಬಹಳ ಮುಖ್ಯ. ಸಹಾಯಕ ಆಯುಕ್ತರ ಸಹಿ ಬೇಕು, ಕಡೇ ಗಳಿಗೆಯಲ್ಲಿ ಓಡಾಡಿದರೆ ಆಗುವುದಿಲ್ಲ. ಅದಿದ್ದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮವರಿಗೆ ಮೀಸಲು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೂ ಬೇರೆ ಮೀಸಲಾತಿ ಇದೆ. ಅದರ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಿದ್ದೆ.

ಆಮೇಲೆ ಸಿಇಟಿ ನಡೆಸುವ ಕೆಇಎ ಹಾಕಿದ್ದ ಹಿಂದಿನ ವರ್ಷಗಳ ಕಟ್‌ಆಫ್ ತೆಗೆದು ಕುಳಿತೆ. ನಮ್ಮ ಭಾಗದ ಕೋಟಾದ ಕಟ್‌ಆಫ್ ಬೇರೆಯೇ ಇರುತ್ತದೆ. ಸಾಮಾನ್ಯ ಪಟ್ಟಿ ಅಷ್ಟೇ ನೋಡಿ "ನನಗೆಲ್ಲಿ ಸಿಗ್ತದ ಬಿಡು" ಅನ್ನುವವರು ಜಾಸ್ತಿ.

ನಿಜವಾದ ಕೆಲಸ ಕಾಲೇಜಿಗೆ ಹೋಗಿ ಕೇಳುವುದು. 1958ರಲ್ಲಿ ಶುರುವಾದ ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ, ಮೂರೂ ನನ್ನ ಪಟ್ಟಿಯಲ್ಲಿದ್ದವು. ಹೋದ ಕಡೆ ಆಫೀಸಿನಲ್ಲಿ ಕೇಳಲಿಲ್ಲ, ಕ್ಯಾಂಟೀನಿನಲ್ಲಿ ಕೇಳಿದೆ. ಅಣ್ಣಾ, ಲ್ಯಾಬಿನಲ್ಲಿ ಒಂದು ಕಿಟ್ಟಿಗೆ ಎಷ್ಟು ಜನ? ಸೆಮಿಸ್ಟರ್ ನಡುವೆ ಮೇಷ್ಟ್ರು ಬದಲಾಗುತ್ತಾರಾ? ನಿಮ್ಮ ಬ್ರಾಂಚಿನ ಎಷ್ಟು ಜನಕ್ಕೆ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತು? ಇದಕ್ಕೆ ಕಾಲೇಜಿನ ಬ್ಯಾನರ್ ಉತ್ತರ ಕೊಡುವುದಿಲ್ಲ. ಅದರಲ್ಲಿ ಒಬ್ಬನೇ ಹುಡುಗನ ದೊಡ್ಡ ಸಂಬಳ ಇರುತ್ತದೆ, ಉಳಿದವರ ಸುದ್ದಿಯೇ ಇಲ್ಲ. ಎನ್‌ಬಿಎ (ಕೋರ್ಸಿನ ಗುಣಮಟ್ಟ ನೋಡಿ ಕೊಡುವ) ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ, ಅದೂ ಇಂತಿಷ್ಟು ವರ್ಷಕ್ಕೆ ಮಾತ್ರ. ಅದಕ್ಕೇ ನನ್ನ ಬ್ರಾಂಚಿನದು ಎಲ್ಲಿವರೆಗೆ ಇದೆ ಅಂತ ನೋಡಿಕೊಂಡೆ.

ಬೆಂಗಳೂರಿನ ದೊಡ್ಡ ಕಾಲೇಜುಗಳನ್ನು ಪಟ್ಟಿಯ ಮೇಲೇ ಹಾಕಿದೆ. ಸಿಕ್ಕರೆ ಹೋಗೋದೇ, ಅಪ್ಪನೂ ಒಪ್ಪಿದ್ದರು. ಅದರ ಕೆಳಗೆ ಪಿಡಿಎ, ಆಮೇಲೆ ಬೀದರ್, ಭಾಲ್ಕಿ. ಬೆಂಗಳೂರು ಹೊರವಲಯದ ಹೆಸರೇ ಕೇಳದ ಕಾಲೇಜಿನ ಕಂಪ್ಯೂಟರ್ ಸೈನ್ಸನ್ನು ಪಟ್ಟಿಗೇ ಸೇರಿಸಲಿಲ್ಲ. ಕಾಕಾಗೆ ಈಗಲೂ ಅದೇ ಬೇಜಾರು. ಆದರೆ ಆಪ್ಷನ್ ಹಾಕಿದ ಮೇಲೆ ಆ ಸೀಟು ನಿಮಗೇ ಬರಬಹುದು, ಅಲ್ವಾ? ಸೇರಲು ಮನಸ್ಸಿಲ್ಲದ ಕಾಲೇಜನ್ನು ಯಾಕೆ ಬರೆಯಬೇಕು?

ಅಣಕು ಹಂಚಿಕೆಯಲ್ಲಿ ಪಿಡಿಎ ತೋರಿಸಿತು. ಅದು ಬರೀ ಅಂದಾಜು. ಅದಾದ ಮೇಲೆ ಆಪ್ಷನ್ ಹಿಂದೆ ಮುಂದೆ ಮಾಡಬಹುದು, ನಾನು ಮುಟ್ಟಲಿಲ್ಲ. ಮೊದಲ ಸುತ್ತಿನಲ್ಲೂ ಅದೇ ಬಂತು. ಸೀಟು ಇಟ್ಟುಕೊಂಡು ಮೇಲಿನ ಆಪ್ಷನ್‌ಗೆ ಕಾಯುವುದು ಚಾಯ್ಸ್ 2. ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು ಚಾಯ್ಸ್ 3, ಅದಕ್ಕೆ ಧೈರ್ಯ ಬೇಕು. ನಾನು ಸಿಕ್ಕ ಸೀಟಿಗೇ ಸೇರುವ ಚಾಯ್ಸ್ 1 ಒತ್ತಿ ಫೀಸು ಕಟ್ಟಿದೆ. ಶಹಾಬಾದಿನಿಂದ ರೈಲು ಇದೆ, ಹಾಸ್ಟೆಲ್ ಖರ್ಚೂ ಉಳಿಯಿತು.