ಮೂಲೆ ಸೇರಿದ ದೋಣಿ ಮೋಟಾರಿಗೆ ಬೆಲೆ ಕಟ್ಟುವುದು ಹೇಗೆ?

1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಈ ಜಲಾಶಯದ, ಅಂದರೆ ಜನರ ಬಾಯಲ್ಲಿನ ಮಾರಿಕಣಿವೆಯ, ನೀರು ಏರಿದ್ದೂ ಉಂಟು, ತಳ ಕಂಡದ್ದೂ ಉಂಟು. ನೀರು ಇಳಿದ ವರ್ಷ ದೋಣಿ ದಡಕ್ಕೆ ಬರುತ್ತದೆ, ಮೋಟಾರು ಕೊಟ್ಟಿಗೆಗೆ ಹೋಗುತ್ತದೆ. ಅಲ್ಲಿ ಗೊಬ್ಬರದ ಚೀಲ, ಒಡೆದ ಪೈಪುಗಳ ಜೊತೆ ನಾಲ್ಕಾರು ಮಳೆಗಾಲ ಕಳೆದು, ಕೆರೆ ತುಂಬಿತೆಂಬ ಸುದ್ದಿ ಬಂದಾಗ ಮಾರಾಟಕ್ಕೆ ಹೊರಡುತ್ತದೆ. ಹಿರಿಯೂರಿನ ಕಡೆಯಾಗಲಿ, ಚನ್ನಗಿರಿಯ ಸೂಳೆಕೆರೆ ಕಡೆಯಾಗಲಿ, ಮಾರುವವರ ಮಾತು ಒಂದೇ: ‘ನಿಲ್ಸೋ ಹೊತ್ಗೆ ಚೆನ್ನಾಗೇ ಓಡ್ತಿತ್ತಣ್ಣ. ಕಾರ್ಬೊರೇಟರ್ ಒಂದು ಕ್ಲೀನ್ ಮಾಡ್ಸಿದ್ರೆ ಆತು.’

ಇದ್ದರೂ ಇರಬಹುದು. ಆದರೆ ಅಷ್ಟೇ ಕೆಲಸವಾಗಿದ್ದರೆ ಅವರೇ ತೊಳೆಸಿ, ಚಾಲೂ ಮಾಡಿ ತೋರಿಸಿ ಇನ್ನಷ್ಟು ದುಡ್ಡು ಕೇಳಬಹುದಿತ್ತಲ್ಲ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕಿಲ್ಲ, ತಲೆಯಲ್ಲಿಟ್ಟುಕೊಂಡು ನೋಡಲು ಹೋದರೆ ಸಾಕು.

ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಈ ಔಟ್‌ಬೋರ್ಡ್ ಮೋಟಾರಿನಲ್ಲಿ ನೋಡಿದ ಕೂಡಲೇ ಗಾಬರಿ ಹುಟ್ಟಿಸುವ ಸಂಗತಿಗಳು ಬಹುಪಾಲು ಅಗ್ಗದ ರಿಪೇರಿಯವು. ಮಾಸಿದ ಬಣ್ಣ, ತುಂಡಾದ ಹಗ್ಗ, ಅಂಟುಗಟ್ಟಿದ ಕಾರ್ಬೊರೇಟರ್, ಇಲಿ ಕಡಿದ ಪೆಟ್ರೋಲ್ ಪೈಪು, ಇವುಗಳಿಂದ ಬೆಲೆ ಅಷ್ಟೇನೂ ಇಳಿಯುವುದಿಲ್ಲ. ದುಡ್ಡು ನುಂಗುವ ಜಾಗ ಎರಡು: ಸಿಲಿಂಡರಿನ ಒಳಗೆ ಮತ್ತು ಪ್ರೊಪೆಲ್ಲರಿನ ಮುಂದಿರುವ ಗೇರ್ ಬಾಕ್ಸಿನ ಒಳಗೆ. ಎರಡನ್ನೂ ಪರೀಕ್ಷಿಸಲು ಒಂದು ಪ್ಲಗ್ ಸ್ಪ್ಯಾನರ್, ದೊಡ್ಡ ಸ್ಕ್ರೂಡ್ರೈವರ್, ಟಾರ್ಚ್, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಖಾಲಿ ಡಬ್ಬಿ, ಹಳೇ ಬಟ್ಟೆ ಸಾಕು. ಗೇಜ್ ಇಲ್ಲದಿದ್ದರೆ ಬೈಕ್ ಮೆಕ್ಯಾನಿಕ್ ಹತ್ತಿರ ಕೇಳಿ ತನ್ನಿ. ಬರುವಂತಿದ್ದರೆ ಅವರನ್ನೇ ಕರೆದುಕೊಂಡು ಹೋಗಿ.

ಮೊದಲು ತಗಡು ಓದಿ

ಮೋಟಾರನ್ನು ದೋಣಿಯ ಹಿಂಬದಿ ಹಲಗೆಗೆ ಬಿಗಿಯುವ ಬ್ರ್ಯಾಕೆಟ್ ಮೇಲೆ ಸಣ್ಣದೊಂದು ತಗಡೋ ಸ್ಟಿಕ್ಕರೋ ಇರುತ್ತದೆ. ಮಾದರಿಯ ಹೆಸರು, ಸರಣಿ ಸಂಖ್ಯೆ ಎರಡೂ ಅದರಲ್ಲಿರುತ್ತವೆ. ಊರಿಂದ ಹೊರಡುವ ಮುಂಚೆಯೇ ಅದರ ಫೋಟೊ ತರಿಸಿಕೊಳ್ಳಿ. ಸಂಖ್ಯೆಯನ್ನು ಯಾರೋ ಉಜ್ಜಿ ಅಳಿಸಿದ್ದರೆ ಹೋಗುವುದೇ ಬೇಡ.

ಆ ಫೋಟೊವನ್ನು ಮಲ್ಪೆಯದೋ ಮಂಗಳೂರಿನದೋ ಒಂದು ಬಿಡಿಭಾಗದ ಅಂಗಡಿಗೆ ಕಳಿಸಿ, ‘ಇದರ ಇಂಪೆಲ್ಲರ್, ಸೀಲ್, ಪಿಸ್ಟನ್ ರಿಂಗ್ ಸಿಗುತ್ತಾ’ ಎಂದಷ್ಟೇ ಕೇಳಿ. (ಇಂಪೆಲ್ಲರ್ ಎಂದರೆ ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ರೆಕ್ಕೆಚಕ್ರ.) ಅರ್ಧ ಬೆಲೆ ಆ ಉತ್ತರದಲ್ಲೇ ತೀರ್ಮಾನವಾಗುತ್ತದೆ. ಕರಾವಳಿಯ ಮೀನುಗಾರರ ಕೈಯಲ್ಲಿ ಯಮಹಾ, ಸುಜುಕಿ ಓಡಾಡುವುದರಿಂದ ಅವುಗಳ ಸಾಮಾನು ಅಲ್ಲಿ ಹುಟ್ಟುತ್ತದೆ. ಜಾನ್ಸನ್ ಹೆಸರಿನ ಮೋಟಾರು 2007ಕ್ಕೇ ನಿಂತಿತು, ಎವಿನ್‌ರೂಡ್ ತಯಾರಿಕೆಯನ್ನು 2020ರಲ್ಲಿ ನಿಲ್ಲಿಸಿದರು. ಎರಡೂ ಒಳ್ಳೆಯ ಮೋಟಾರುಗಳೇ. ಆದರೆ ಹಿರಿಯೂರಿನಲ್ಲಿ ಕೂತು ಅವಕ್ಕೆ ಸಾಮಾನು ಹುಡುಕುವವರ ಕಷ್ಟ ಬೆಲೆಯಲ್ಲಿ ಕಾಣಿಸಲೇಬೇಕು.

ತಗಡಿನಿಂದ ಇನ್ನೆರಡು ವಿಷಯ ತಿಳಿಯುತ್ತದೆ. ಯಮಹಾದಲ್ಲಿ ಮಾದರಿಯ ಹೆಸರು ‘ಇಕೆ’ ಎಂದು ಶುರುವಾದರೆ ಅದು ಸೀಮೆಎಣ್ಣೆಯ ಮೋಟಾರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಕರಾವಳಿಯ ನಾಡದೋಣಿಗಳಿಗೆ ಒಗ್ಗಿದ ಈ ಏರ್ಪಾಡು ನಮ್ಮ ಕಡೆ ಯಾರಿಗೆ ಬೇಕು? ಇನ್ನೊಂದು, ಹೆಸರಿನ ಕೊನೆಯ ‘ಎಸ್’ ಅಥವಾ ‘ಎಲ್’. ಎಸ್ ಎಂದರೆ 15 ಇಂಚಿನ ಹಲಗೆಗೆ ಹೊಂದುವ ಗಿಡ್ಡ ಕಾಲು (ಮೋಟಾರಿನ ನೀರಿಗಿಳಿಯುವ ಭಾಗ), ಎಲ್ ಎಂದರೆ 20 ಇಂಚಿನದು. ನಿಮ್ಮ ದೋಣಿಯ ಹಿಂಬದಿ ಹಲಗೆಯ ಎತ್ತರವನ್ನು ಟೇಪಿನಲ್ಲಿ ಅಳೆದುಕೊಂಡೇ ಹೋಗಿ. ಎತ್ತರದ ಹಲಗೆಗೆ ಗಿಡ್ಡ ಕಾಲಿನ ಮೋಟಾರು ಕಟ್ಟಿದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿ ಕಡೆಯುತ್ತದೆ.

ಕಡಲಿನದೋ ಕೆರೆಯದೋ

ಜಲಾಶಯದಲ್ಲೇ ಓಡಿದ ಮೋಟಾರು ಹಳೆಯದಾದರೂ ಬೋಲ್ಟುಗಳು ಬಿಚ್ಚಿಕೊಳ್ಳುತ್ತವೆ. ಕಡಲಿನಿಂದ ಬಂದದ್ದರ ಕಥೆ ಬೇರೆ. ಮೇಲಿನ ಮುಚ್ಚಳ ತೆಗೆದು ನೋಡಿ: ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಬೋಲ್ಟಿನ ತಲೆಯ ಸುತ್ತ ಬಣ್ಣ ಉಬ್ಬಿ ಎದ್ದಿರುವುದು, ಲೋಹ ತಿನ್ನದಂತೆ ಕಾಯಲು ಕೆಳಗೆ ಹಾಕಿರುವ ಸತುವಿನ ತುಂಡು ಸವೆದು ಹೋಗಿರುವುದು ಉಪ್ಪಿನ ಗುರುತುಗಳು. ಬಿಚ್ಚಲು ಹೋದರೆ ಬೋಲ್ಟು ಒಳಗೇ ಮುರಿಯುತ್ತದೆ, ಅದನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ತೆಗೆಸಬೇಕು. ಎಂಜಿನ್ ತಣ್ಣಗಿಡುವ ನೀರಿನ ದಾರಿಗಳಲ್ಲೂ ಉಪ್ಪು ಕಟ್ಟಿರುತ್ತದೆ. ಸಿಲಿಂಡರ್ ಹೆಡ್ಡಿನ ಬಣ್ಣ ಸುಟ್ಟು ಬೊಬ್ಬೆ ಎದ್ದಿದ್ದರೆ ಅದು ಯಾವಾಗಲೋ ನೀರಿಲ್ಲದೆ ಕಾದಿದೆ ಎಂದು ತಿಳಿಯಿರಿ. ಎಲ್ಲ ಕಡೆ ಹೊಳೆಯುವ ಹೊಸ ಪೇಂಟ್ ಹೊಡೆದಿದ್ದರೆ ನನಗಂತೂ ಹಳೇ ಬಣ್ಣಕ್ಕಿಂತ ಹೆಚ್ಚು ಅನುಮಾನ ಬರುತ್ತದೆ.

ಹಗ್ಗಕ್ಕೆ ಕೈ ಹಾಕಬೇಡಿ

ಮೋಟಾರು ಕಂಡ ತಕ್ಷಣ ಹಗ್ಗ ಎಳೆಯುವುದು ಎಲ್ಲರ ಚಾಳಿ. ವರ್ಷಗಟ್ಟಲೆ ನಿಂತ ಸಿಲಿಂಡರಿನಲ್ಲಿ ತುಕ್ಕು ಹಿಡಿದಿದ್ದರೆ ಒಂದೇ ಎಳೆತಕ್ಕೆ ಗೀರು ಬೀಳುತ್ತದೆ. ಮೊದಲು ಪ್ಲಗ್ ಬಿಚ್ಚಿ, ತೂತಿನಿಂದ ಟಾರ್ಚ್ ಬಿಟ್ಟು ಗೋಡೆ ನೋಡಿ. ಹೊಳಪಿದ್ದರೆ ಸರಿ. ಕಂದು ಬಣ್ಣದ ಪದರ ಇದ್ದರೆ ತುಕ್ಕು. ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್ ಒಂದು ಚಮಚ ಒಳಗೆ ಬಿಟ್ಟು, ಮೇಲಿನ ಫ್ಲೈವೀಲನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಹಗ್ಗ ಎಳೆದರೆ ತಿರುಗುವ ದಿಕ್ಕಿಗೇ ತಿರುಗಿಸಬೇಕು, ಉಲ್ಟಾ ತಿರುಗಿಸಿದರೆ ಕೆಳಗಿನ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಷ್ಟು ಮಾಡಿದರೂ ಅಲುಗಾಡದಿದ್ದರೆ ಅಲ್ಲಿಂದಾಚೆಗೆ ಗುಜರಿ ಲೆಕ್ಕ. ಆಯಿಲ್ ಬಿಟ್ಟು ಎರಡು ದಿನ ನೆನೆಸಿದರೆ ಬಿಟ್ಟುಕೊಳ್ಳುವುದೂ ಉಂಟು, ಆದರೆ ಆ ಜೂಜಿನ ದುಡ್ಡು ಮಾರುವವರದ್ದಾಗಲಿ.

ಸಲೀಸಾಗಿ ತಿರುಗಿದರೆ ಗೇಜ್ ಹಾಕಿ. ಎಲ್ಲ ಪ್ಲಗ್ ಹೊರಗಿರಬೇಕು, ಪ್ಲಗ್ ವೈರುಗಳನ್ನು ಎಂಜಿನಿನ ಲೋಹಕ್ಕೆ ತಾಗಿಸಿ ಇಟ್ಟಿರಬೇಕು, ಎಕ್ಸಲರೇಟರ್ ಪೂರ್ತಿ ತೆರೆದಿರಬೇಕು. ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. ಸಣ್ಣ ಟೂ-ಸ್ಟ್ರೋಕ್ ಮೋಟಾರುಗಳಲ್ಲಿ 90ರಿಂದ 120 ಪಿಎಸ್ಐ ಸುತ್ತಮುತ್ತ ಬಂದರೆ ಸಮಾಧಾನ. ಸೀಮೆಎಣ್ಣೆಯದ್ದಾದರೆ ಇನ್ನೂ ಕಡಿಮೆ ಇರುವುದು ಸಹಜ. ಅಂಕಿಗಿಂತ ಮುಖ್ಯ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಒಂದು 110, ಇನ್ನೊಂದು 105 ಬಂದರೆ ಮಾತು ಮುಂದುವರಿಸಿ. ಒಂದು 110, ಇನ್ನೊಂದು 70 ಬಂದರೆ ರಿಂಗ್, ಪಿಸ್ಟನ್, ಬೋರ್ ಎಂದು ದೊಡ್ಡ ಕೆಲಸವೇ ಕಾದಿದೆ.

ಈ ಕೆಲಸಕ್ಕೆ ದಾವಣಗೆರೆ, ಚಿತ್ರದುರ್ಗದಲ್ಲಿ ಜನರಿಗೇನೂ ಬರವಿಲ್ಲ. ಆರ್‌ಎಕ್ಸ್ 100, ಯೆಜ್ಡಿ ಬೈಕು ಬಿಚ್ಚಿ ಜೋಡಿಸಿದ ಹಳಬರಿಗೆ ಈ ಮೋಟಾರಿನ ಮೇಲ್ಭಾಗ ನೀರು ಕುಡಿದಷ್ಟು ಸುಲಭ. ಅದೇ ಟೂ-ಸ್ಟ್ರೋಕ್, ಅದೇ ಕಾರ್ಬೊರೇಟರ್ ತತ್ತ್ವ. ಕರೆಂಟ್ ಬರುತ್ತದೆಯೇ ಎಂಬುದನ್ನೂ ಅವರೇ ನೋಡುತ್ತಾರೆ: ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಪಾಯಿಂಟ್ ಇರುವ ಹಳೇ ಮಾದರಿಯಾದರೆ ಉಜ್ಜಿದರೆ ಸರಿಹೋಗುತ್ತದೆ. ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಸಿಡಿಐ ಡಬ್ಬಿ ಸತ್ತಿದ್ದರೆ ಖರ್ಚು ದೊಡ್ಡದು.

ಆ ಮೆಕ್ಯಾನಿಕ್ ಎಂದೂ ನೋಡದ ಭಾಗ ನೀರಿನೊಳಗಿರುವ ಗೇರ್ ಬಾಕ್ಸು. ಬಹಳ ಜನ ಮೋಸ ಹೋಗುವುದೂ ಅಲ್ಲೇ. ಮೇಲೆ ಎಂಜಿನ್ ಗುಡುಗಿದರೆ ಸಾಕು, ಕೆಳಗೆ ಬಗ್ಗಿ ನೋಡುವವರೇ ಇಲ್ಲ.

ಅದರ ಪಕ್ಕದಲ್ಲಿ ಕೆಳಗೊಂದು, ಮೇಲೊಂದು ಸ್ಕ್ರೂ ಇರುತ್ತವೆ. ಮೋಟಾರನ್ನು ಒಂದು ರಾತ್ರಿ ನೇರವಾಗಿ ನಿಲ್ಲಿಸಿಡಲು ಮೊದಲೇ ಹೇಳಿ, ಹೋದ ಮೇಲೆ ಡಬ್ಬಿ ಹಿಡಿದು ಕೆಳಗಿನ ಸ್ಕ್ರೂ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಒಳಗೆ ಸೇರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಬರುವ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಸೀಲ್ ಹೋಗಿ ನೀರು ಬೆರೆತಿದೆ. ಸೀಲಿನ ಬೆಲೆ ದೊಡ್ಡದಲ್ಲ, ಆದರೆ ಆ ನೀರು ಒಳಗೇ ಕೂತು ಎಷ್ಟು ವರ್ಷವಾಯಿತು, ಬೇರಿಂಗು ಎಷ್ಟು ತಿಂದಿತು ಎಂಬುದು ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಆಯಿಲನ್ನು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣನೆಯ ಬೂದುಬಣ್ಣದ ಕೆಸರು ಸ್ವಲ್ಪ ಇದ್ದರೆ ಸಹಜ ಸವೆತ, ಚೂರು ಚೂರು ಲೋಹ ಸಿಕ್ಕರೆ ಗೇರಿನ ಹಲ್ಲು. ಹಾಗಿದ್ದರೆ ಮೋಟಾರಿನ ಬೆಲೆ ನಿಂತಿರುವುದು ಮೇಲಿನ ಅರ್ಧದ ಮೇಲೆ ಮಾತ್ರ.

ಈ ಸೀಲ್ ಹಾಳಾಗಲು ನಮ್ಮ ಜಲಾಶಯಗಳಲ್ಲಿ ಒಂದು ಕಾರಣ ಸಿದ್ಧವಾಗಿಯೇ ಇದೆ: ಬಲೆಯ ದಾರ. ತೆಪ್ಪದವರು ಬಿಟ್ಟ ಬಲೆಯ ನೈಲಾನ್ ಎಳೆ ಪ್ರೊಪೆಲ್ಲರಿಗೆ ಸಿಕ್ಕಿ, ಹಿಂದಿನ ಶಾಫ್ಟಿಗೆ ಸುತ್ತಿ, ಸೀಲನ್ನು ಕೊಯ್ಯುತ್ತದೆ. ಸಾಧ್ಯವಿದ್ದರೆ ಪ್ರೊಪೆಲ್ಲರ್ ಬಿಚ್ಚಿಸಿ ಆ ಜಾಗ ನೋಡಿ. ಆಮೇಲೆ ಶಾಫ್ಟನ್ನು ತಿರುಗಿಸಿ, ತುದಿ ಓಲಾಡುತ್ತದೆಯೇ ಗಮನಿಸಿ. ಪ್ರೊಪೆಲ್ಲರಿನ ಅಂಚು ಮುಕ್ಕಾಗಿರುವುದು ಮಾಮೂಲಿ, ಹೊಸದು ಹಾಕಿದರಾಯಿತು. ಶಾಫ್ಟೇ ಬಂಡೆಗೆ ಬಡಿದು ಬಾಗಿದ್ದರೆ ಗೇರ್ ಬಾಕ್ಸ್ ಬಿಚ್ಚಲೇಬೇಕು.

ಡ್ರಮ್ಮಿನಲ್ಲಿ ಓಡಿಸಿ ನೋಡುವುದು

ಇಷ್ಟರಲ್ಲಿ ಪಾಸಾದರೆ ಚಾಲೂ ಮಾಡಿಸಿ. ನೀರಿಲ್ಲದೆ ಅರೆಕ್ಷಣವೂ ಬೇಡ. ಔಷಧಿ ಹೊಡೆಯಲು ಇಟ್ಟುಕೊಳ್ಳುವ 200 ಲೀಟರ್ ಡ್ರಮ್ಮಿಗೆ ನೀರು ತುಂಬಿ, ಮೋಟಾರನ್ನು ಗಟ್ಟಿ ಹಲಗೆಗೆ ಬಿಗಿದು ಇಳಿಬಿಡಿ. ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ಮುಳುಗಿರಬೇಕು. ಪ್ರೊಪೆಲ್ಲರ್ ಬಿಚ್ಚಿಟ್ಟೇ ಓಡಿಸಿದರೆ ಕೈಕಾಲಿಗೆ ಕ್ಷೇಮ. ಹೊಸ ಪೆಟ್ರೋಲಿಗೆ ಮಾದರಿಗೆ ತಕ್ಕ ಆಯಿಲ್ ಬೆರೆಸಿ: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ. ಎಂಜಿನ್ ಹಿಡಿದ ಮೇಲೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಬರದಿದ್ದರೆ ತಕ್ಷಣ ನಿಲ್ಲಿಸಿ. ಒಣಗಿ ನಿಂತ ಮೋಟಾರಿನ ಇಂಪೆಲ್ಲರ್ ರಬ್ಬರ್ ಸೆಟೆದುಕೊಂಡಿರುತ್ತದೆ, ಓಡಿದರೂ ಓಡದಿದ್ದರೂ ಅದನ್ನು ಬದಲಾಯಿಸುವ ಖರ್ಚು ನಿಮ್ಮ ಲೆಕ್ಕದಲ್ಲಿರಲಿ. ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಿ. ಕಟಕಟ ಎಂದು ಗೇರ್ ಬಿಟ್ಟುಕೊಂಡರೆ ಮತ್ತೆ ಗೇರ್ ಬಾಕ್ಸಿನ ಕಥೆಗೇ ಬಂದಿರಿ.

ಈಗ ಲೆಕ್ಕ

ಅದೇ ಮಾದರಿಯ, ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಮೋಟಾರು ಎಷ್ಟಕ್ಕೆ ಹೋಗುತ್ತಿದೆ ಎಂದು ಕರಾವಳಿಯಲ್ಲಿ ಎರಡು ಮೂರು ಕಡೆ ವಿಚಾರಿಸಿ. ಅಲ್ಲಿಂದ ಕಳೆಯುತ್ತ ಬನ್ನಿ. ಲೆಕ್ಕ ತೋರಿಸಲೆಂದು ಅದು ಅರವತ್ತು ಸಾವಿರ ಎಂದಿಟ್ಟುಕೊಳ್ಳೋಣ. ಇಂಪೆಲ್ಲರ್, ಪ್ಲಗ್, ಕಾರ್ಬೊರೇಟರ್ ಕಿಟ್‌ಗೆ ಆರು ಸಾವಿರ, ಗೇರ್ ಬಾಕ್ಸಿನ ಸೀಲ್‌ಗಳಿಗೆ ನಾಲ್ಕು, ಕೂಲಿ ಮತ್ತು ಸಾಗಾಟಕ್ಕೆ ಐದು. ಉಳಿದದ್ದು ನಲವತ್ತೈದು. ಡ್ರಮ್ಮಿನಲ್ಲಿ ಓಡಿಸಿ ತೋರಿಸಿದ್ದರೆ ಅದರ ಆಸುಪಾಸು ಕೊಡಬಹುದು. ಓಡಿಸದೆ, ಬರೀ ಕಂಪ್ರೆಷನ್ ನೋಡಿ ಕೊಳ್ಳುವುದಾದರೆ ಇನ್ನೂ ಮೂರನೇ ಒಂದು ಭಾಗ ಕಳೆದು ಮೂವತ್ತಕ್ಕೆ ನಿಲ್ಲಿ. ಮುಚ್ಚಳವೇ ಇಲ್ಲದ ಮೋಟಾರಿಗೆ ಇನ್ನಷ್ಟು ಇಳಿಸಿ, ಹಳೇ ಮಾದರಿಯ ಮುಚ್ಚಳ ಸಿಗುವುದು ಎಂಜಿನ್ ಸಿಗುವುದಕ್ಕಿಂತ ಕಷ್ಟ. ಏನೂ ತಿರುಗದಿದ್ದರೆ ತೂಕದ ಬೆಲೆ: 15 ಎಚ್‌ಪಿಯ ಟೂ-ಸ್ಟ್ರೋಕ್ ಮೋಟಾರು ಸುಮಾರು 36 ಕೆಜಿ, ಬಹುಪಾಲು ಅಲ್ಯೂಮಿನಿಯಂ. ಅದೇ ಮಾದರಿಯ ಇನ್ನೊಂದು ಮೋಟಾರು ನಿಮ್ಮಲ್ಲಿದ್ದರೆ ಬಿಡಿಭಾಗಕ್ಕೆಂದು ಸ್ವಲ್ಪ ಮೇಲೆ ಕೊಟ್ಟರೂ ನಷ್ಟವಿಲ್ಲ.

ಮುಂಗಡ ಕೊಡುವ ಮುನ್ನ ಜಲಾಶಯ ನೋಡಿಕೊಳ್ಳುವ ನೀರಾವರಿ ಕಚೇರಿಯಲ್ಲೂ ಮೀನುಗಾರಿಕೆ ಇಲಾಖೆಯಲ್ಲೂ ಯಂತ್ರದ ದೋಣಿಗೆ ಅನುಮತಿ ಇದೆಯೇ ಕೇಳಿಕೊಳ್ಳಿ. ವಾಣಿವಿಲಾಸ ಸಾಗರದ ನೀರನ್ನು ಹಿರಿಯೂರು, ಚಿತ್ರದುರ್ಗದ ಜನ ಕುಡಿಯುತ್ತಾರೆ. ಟೂ-ಸ್ಟ್ರೋಕ್ ಮೋಟಾರಿನ ಹೊಗೆ ಹೋಗುವುದು ನೀರಿನೊಳಕ್ಕೇ, ಸುಡದೆ ಉಳಿದ ಆಯಿಲ್ ಸಮೇತ. ಅನುಮತಿ ಇಲ್ಲವೆಂದರೆ ಮೂವತ್ತು ಸಾವಿರವೂ ಹೆಚ್ಚೇ. ಇದೆ ಎಂದಾದರೆ ಸರಣಿ ಸಂಖ್ಯೆ ಬರೆಸಿದ ರಸೀದಿ ಪಡೆದು, ಮೋಟಾರನ್ನು ಗಾಡಿಯಲ್ಲಿ ನೇರವಾಗಿ ನಿಲ್ಲಿಸಿ ಕಟ್ಟಿಕೊಂಡು ಬನ್ನಿ. ಮಲಗಿಸಲೇಬೇಕಾದರೆ ಒಳಗಿನ ನೀರೆಲ್ಲ ಬಸಿದ ಮೇಲೆ, ಎಂಜಿನ್ ಕಡೆ ಮೇಲಿರುವಂತೆ ಮಲಗಿಸಿ. ಇಲ್ಲದಿದ್ದರೆ ಕಾಲಿನಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತದೆ.